ಎತ್ತಿನ ಕೋಡು, ಬೈಕಿನ ಟಾಕಿ

ಸಿಂಧನೂರು ಸೀಮೆಯ ಮನೆಯಂಗಳಗಳಲ್ಲಿ ಬೈಕಿಗಿಂತ ಬಹಳ ಮೊದಲು ಬಣ್ಣ ಹಚ್ಚಿಸಿಕೊಂಡದ್ದು ಎತ್ತಿನ ಕೋಡು. ಜ್ಯೇಷ್ಠದ ಕಾರಹುಣ್ಣಿಮೆ ಹತ್ತಿರ ಬಂತೆಂದರೆ ಒಕ್ಕಲುಮನೆಗಳಲ್ಲಿ ಅದೇ ಗಡಿಬಿಡಿ. ಎತ್ತಿನ ಮೈ ತೊಳೆಯಬೇಕು, ಕೋಡಿನ ಒರಟು ಪದರನ್ನು ಹೆರೆದು ನುಣುಪು ಮಾಡಬೇಕು, ಒರೆಸಿ ಒಣಗಿಸಬೇಕು. ಆಮೇಲೆ ಬಣ್ಣ. ಕಡೆಗೆ ತುದಿಗೆ ಹಿತ್ತಾಳೆಯ ಕೋಡಣಸು, ಕೊರಳಿಗೆ ಗೆಜ್ಜೆಸರ, ಬೆನ್ನಿಗೆ ಜೂಲ. ಹಿಂದಿನವರಿಗೆ ಹುರಮಂಜು, ಕೆಮ್ಮಣ್ಣು, ಜಾಜು ಸಾಕಾಗಿತ್ತು. ಎಣ್ಣೆಬಣ್ಣದ ಡಬ್ಬಿಗಳು ಸಂತೆಗೆ ಬಂದ ಮೇಲೆ ಕೆಂಪು, ಹಸಿರು, ನೀಲಿ ಸೇರಿಕೊಂಡವು. ಡಬ್ಬಿಯ ತಳದಲ್ಲಿ ಉಳಿದದ್ದು ಬಂಡಿಯ ಗಾಲಿಗೆ, ಮೂಕಿಗೆ, ನೊಗಕ್ಕೆ ಹೋಗುತ್ತಿತ್ತು. ಈ ಕೆಲಸಕ್ಕೆ ಪೇಂಟರನನ್ನು ಕರೆದವರು ಯಾರೂ ಇಲ್ಲ. ಬಣ್ಣ ಹಚ್ಚುವುದು ಬಿತ್ತುವ, ಹರಗುವ ಕೆಲಸದಷ್ಟೇ ಮನೆಯದು.

ಇವತ್ತು ಅದೇ ಅಂಗಳದಲ್ಲಿ ಹುಡುಗನೊಬ್ಬ ಹಳೆಯ ಸ್ಪ್ಲೆಂಡರಿನ ಟಾಕಿ ಬಿಚ್ಚಿಟ್ಟು ಸ್ಪ್ರೇ ಡಬ್ಬಿ ಅಲ್ಲಾಡಿಸುತ್ತ ನಿಂತರೆ, ಇದೇನೋ ಬೆಂಗಳೂರಿನಿಂದ ಬಂದ ಶೋಕಿ ಎಂದು ಹಿರಿಯರು ಗೊಣಗುತ್ತಾರೆ. ಅದರಲ್ಲಿ ಅರ್ಧ ನಿಜವಿದೆ. ಡಬ್ಬಿ ಹೊಸದು. ದುಡಿಯುವ ಸಾಧನಕ್ಕೆ ಮನೆಯಲ್ಲೇ ಬಣ್ಣ ಹಚ್ಚುವ ರೂಢಿ ಮಾತ್ರ ಹಳೆಯದು. ನಡುವೆ ಒಂದೆರಡು ತಲೆಮಾರು ಅದು ಕೈತಪ್ಪಿ ಹೋಗಿತ್ತು. ತಪ್ಪಿಸಿದ್ದು ಬೈಕು. ಈಗ ಅದೇ ಬೈಕಿನ ನೆಪದಲ್ಲಿ ರೂಢಿ ವಾಪಸು ಬಂದಿದೆ.

ಕೋಡಿನ ಬಣ್ಣವನ್ನು ಹಳ್ಳಿಯ ಸಣ್ಣ ಸಂಗತಿ ಎಂದು ಬದಿಗಿಡುವ ಹಾಗಿಲ್ಲ. ಭಾರತದ ಬಣ್ಣದ ವ್ಯಾಪಾರದ ಚರಿತ್ರೆಯಲ್ಲಿ ಅದಕ್ಕೊಂದು ಜಾಗವಿದೆ. 1942ರಲ್ಲಿ ಮುಂಬಯಿಯಲ್ಲಿ ನಾಲ್ವರು ಗೆಳೆಯರು ಕಟ್ಟಿದ ಏಷ್ಯನ್ ಪೇಂಟ್ಸ್ ಎದುರು ಆಗ ವಿದೇಶಿ ಕಂಪನಿಗಳ ದೊಡ್ಡ ದಂಡೇ ಇತ್ತು. ಪಟ್ಟಣದ ದೊಡ್ಡ ಅಂಗಡಿಗಳೆಲ್ಲ ಅವರ ಪಾಲು. ಹೊಸಬರು ಹಳ್ಳಿಯ ಕಡೆ ತಿರುಗಿದರು. ಮಹಾರಾಷ್ಟ್ರದ ರೈತರು ಪೋಳಾ ಹಬ್ಬಕ್ಕೆ ಎತ್ತಿನ ಕೋಡಿಗೆ ಬಣ್ಣ ಹಚ್ಚುವುದನ್ನು ಕಂಡು, ಅದಕ್ಕೆ ತಕ್ಕ ಪುಟ್ಟ ಡಬ್ಬಿಗಳನ್ನು ಮಾರುಕಟ್ಟೆಗೆ ಬಿಟ್ಟ ಕತೆಯನ್ನು ಆ ಕಂಪನಿಯ ಆರಂಭದ ದಿನಗಳ ಬಗ್ಗೆ ಬರೆಯುವವರು ಇಂದಿಗೂ ಮತ್ತೆ ಮತ್ತೆ ಹೇಳುತ್ತಾರೆ. 1954ರಲ್ಲಿ ಆ ಡಬ್ಬಿಗಳ ಮೇಲೆ ಕೈಯಲ್ಲಿ ಬ್ರಷ್ ಹಿಡಿದ ತುಂಟ ಹುಡುಗ ಗಟ್ಟು ಬಂದು ಕೂತ. ಅವನನ್ನು ಬರೆದವರು ಮೈಸೂರಿನವರೇ ಆದ ಆರ್.ಕೆ. ಲಕ್ಷ್ಮಣ್. ಒಂದು ಜೋಡಿ ಕೋಡಿಗೆ ಸಾಕಾಗುವಷ್ಟು ಬಣ್ಣವನ್ನೂ ಮಾರಬಹುದೆಂಬ ವ್ಯಾಪಾರದ ಬುದ್ಧಿಗೂ, ಒಂದು ಟಾಕಿಗೆ ಸಾಕಾಗುವಷ್ಟು ಬಣ್ಣವನ್ನು ಡಬ್ಬಿಯಲ್ಲಿ ತುಂಬಿ ಕೊಡುವ ಇವತ್ತಿನ ಬುದ್ಧಿಗೂ ದೂರವೇನಿಲ್ಲ.

ಇನ್ನೂ ಹಿಂದಕ್ಕೆ ಹೋಗುವುದಾದರೆ ಮಸ್ಕಿಯಲ್ಲಿ ಒಂದು ಗಳಿಗೆ ನಿಲ್ಲಬೇಕು. ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಅಶೋಕನ ಹೆಸರಿರುವ ಶಾಸನವನ್ನು ಕಂಡದ್ದು ಅಲ್ಲಿ. ಅದು ಎಲ್ಲರಿಗೂ ಗೊತ್ತು. 1954ರಲ್ಲಿ ಬಿ.ಕೆ. ಥಾಪರ್ ಅದೇ ಊರಿನಲ್ಲಿ ಉತ್ಖನನ ನಡೆಸಿದಾಗ ಮೇಲಿನ ಪದರಗಳಲ್ಲಿ ಕಾವಿಬಣ್ಣದ ಲೇಪವಿದ್ದ, ಬಿಳಿ ಗೆರೆಗಳ ಚಿತ್ತಾರದ ಮಡಕೆ ಚೂರುಗಳು ಸಿಕ್ಕವು ಎಂಬುದು ಅಷ್ಟಾಗಿ ಯಾರ ಬಾಯಲ್ಲೂ ಇಲ್ಲ. ಈ ಬಗೆಯ ಮಡಕೆಗಳಲ್ಲಿ ಸುಣ್ಣದಂಥ ಬಿಳಿಯಿಂದ ಗೆರೆ ಎಳೆದು, ಮೇಲೆ ಕಾವಿಯ ತೆಳು ಲೇಪ ಕೊಡುತ್ತಿದ್ದರು. ಚಿತ್ತಾರ ಕೆಳಗೆ, ಅದನ್ನು ಕಾಯುವ ಪದರ ಮೇಲೆ. ಬೈಕಿನ ಟಾಕಿಯ ಮೇಲಿನ ಸ್ಟಿಕ್ಕರನ್ನು ಲ್ಯಾಕರ್ ಅಡಿಯಲ್ಲಿ ಮುಚ್ಚುವ ಕಾರ್ಖಾನೆಯವರು ಮಾಡುವುದೂ ಇದನ್ನೇ.

ಪದರದ ವಿದ್ಯೆ ಈ ಸೀಮೆಯಲ್ಲಿ ಹೆಚ್ಚು ಬೆಳೆದದ್ದು ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ. ಅಲ್ಲಿನ ಚಿತ್ರಗಾರರು ಮರದ ಗೊಂಬೆಗೆ ನೇರವಾಗಿ ಬಣ್ಣ ಬಳಿಯುವುದಿಲ್ಲ. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟಿನೊಂದಿಗೆ ಕಲಸಿ ‘ಕಿಟ್ಟ’ ಸಿದ್ಧ ಮಾಡುತ್ತಾರೆ. ಅದನ್ನು ಗೊಂಬೆಯ ಮೈಗೆಲ್ಲ ಕೈಯಿಂದ ಮೆತ್ತುತ್ತಾರೆ; ಬಿರುಕು, ಸಂದು ಮುಚ್ಚಿಹೋಗುತ್ತವೆ. ಮೇಲೆ ಹತ್ತಿಬಟ್ಟೆಯ ತುಂಡುಗಳು, ಅದರ ಮೇಲೆ ನುಣ್ಣಗೆ ಅರೆದ ಕಲ್ಲಿನ ಪುಡಿಯ ಲೇಪ. ಬಣ್ಣದ ಸರದಿ ಬರುವುದು ಆಮೇಲೆ. ಹೊಳಪು ಬೇಕಾದ ಕಡೆ ತವರದಿಂದ ತಯಾರಿಸಿದ ‘ಲಾಜವಾರ’. ಇಂದಿನ ವಾಹನ ಪೇಂಟರನ ಭಾಷೆಗೆ ತಿರುಗಿಸಿದರೆ ಕಿಟ್ಟ ಎಂದರೆ ಪುಟ್ಟಿ, ಕಲ್ಲುಪುಡಿಯ ಲೇಪ ಪ್ರೈಮರ್, ಲಾಜವಾರ ಮೆಟಾಲಿಕ್ ಕೋಟ್. ಗೊಂಬೆಯ ಬಣ್ಣಕ್ಕೆ ತಗಲುವ ಹೊತ್ತಿಗಿಂತ ಬಣ್ಣದ ಕೆಳಗಿನದಕ್ಕೆ ತಗಲುವ ಹೊತ್ತೇ ಹೆಚ್ಚು ಎಂಬುದನ್ನು ಕಿನ್ನಾಳದವರು ಯಾವ ಕೈಪಿಡಿಯನ್ನೂ ಓದದೆ ತಿಳಿದಿದ್ದರು. ಈ ಮಾತು ಮುಂದೆ ಟಾಕಿಯ ಹತ್ತಿರ ಮತ್ತೆ ಬೇಕಾಗುತ್ತದೆ.

ಬೈಕು ಈ ಕಡೆಗೆ ಬಂದದ್ದು ನೀರಿನ ಹಿಂದೆ. ತುಂಗಭದ್ರಾ ಅಣೆಕಟ್ಟಿನಲ್ಲಿ 1953ರಲ್ಲಿ ನೀರು ನಿಂತಿತು. ಎಡದಂಡೆ ಕಾಲುವೆಯ 227 ಕಿಲೋಮೀಟರ್ ಉದ್ದದಲ್ಲಿ ಸಿಂಧನೂರಿನ ಎರೆಹೊಲಗಳು ಗದ್ದೆಗಳಾದವು. ಯೋಜನೆ ಮಾಡಿದವರು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ರೈತರು ಭತ್ತ ನಾಟಿದರು. ಕರಾವಳಿ ಆಂಧ್ರದಿಂದ ಬಂದವರ ಕ್ಯಾಂಪುಗಳು ಎದ್ದವು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗಾಗಿ ಆರ್.ಎಚ್. ಕ್ಯಾಂಪುಗಳಾದವು. ಅಕ್ಕಿ ಗಿರಣಿ, ಅಡತಿ ಅಂಗಡಿ, ಟ್ರ್ಯಾಕ್ಟರ್, ಅದರ ಬೆನ್ನಿಗೇ ಮೋಟಾರ್ ಸೈಕಲ್. ಕ್ಯಾಂಪಿನಿಂದ ಊರಿಗೆ, ಊರಿನಿಂದ ಗದ್ದೆಗೆ ಕಾಲುವೆಯ ಏರಿಯ ಮೇಲೆ ದಿನಕ್ಕೆ ನಾಲ್ಕು ಸಲ ಓಡಾಡುವವನಿಗೆ ಬಂಡಿ ಕಟ್ಟಿಕೊಂಡು ಹೋಗುವಷ್ಟು ಪುರುಸೊತ್ತಿರಲಿಲ್ಲ.

ಆ ಕಾಲದ ಬೈಕುಗಳಲ್ಲಿ ಒಂದು ನಮ್ಮ ರಾಜ್ಯದ್ದೇ. ಚೆಕೊಸ್ಲೊವಾಕಿಯದ ಜಾವಾವನ್ನು ಇಲ್ಲಿ ತಯಾರಿಸಲು ರುಸ್ತುಮ್ ಇರಾನಿ ಸ್ಥಾಪಿಸಿದ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಜಯಚಾಮರಾಜೇಂದ್ರ ಒಡೆಯರ್ ಉದ್ಘಾಟಿಸಿದರು. ಕಡುಗೆಂಪು ಟಾಕಿ, ಪಕ್ಕಗಳಲ್ಲಿ ಕ್ರೋಮಿನ ಫಳಫಳ; ಜಾವಾ ಎಂದರೆ ಆ ಕೆಂಪೇ ಕಣ್ಣಿಗೆ ಬರುತ್ತದೆ. 1973ರಿಂದ ಅದು ಯೆಜ್ಡಿ ಎಂಬ ಹೆಸರಿನಲ್ಲಿ ಓಡಿತು; 1996ರಲ್ಲಿ ಕಾರ್ಖಾನೆ ಮುಚ್ಚಿತು. ಬುಲೆಟ್ ಇನ್ನೂ ಹಳೆಯದು. ಮದ್ರಾಸ್ ಮೋಟಾರ್ಸ್ ಇಂಗ್ಲೆಂಡಿನ ರೆಡ್ಡಿಚ್‌ನ ರಾಯಲ್ ಎನ್‌ಫೀಲ್ಡ್ ಜೊತೆ ಕೈಜೋಡಿಸಿದ್ದು 1955ರಲ್ಲಿ. ತಿರುವೊತ್ತಿಯೂರಿನ ಆ ಕಾರ್ಖಾನೆಯಲ್ಲಿ ಟಾಕಿಯ ಮೇಲಿನ ಚಿನ್ನದ ಬಣ್ಣದ ಗೆರೆಯನ್ನು ಒಂದೇ ಮನೆತನದ ಕಲಾವಿದರು ತಲೆಮಾರುಗಳ ಕಾಲ ಬರಿಗೈಯಲ್ಲಿ, ಸ್ಕೇಲಾಗಲಿ ಅಚ್ಚಾಗಲಿ ಇಲ್ಲದೆ ಎಳೆದರು. ಕಾರ್ಖಾನೆಯೊಳಗೂ ಕೈಗೆ ಒಂದು ಮೂಲೆ ಉಳಿದಿತ್ತು ಎಂಬುದು ಖುಷಿಯ ಸಂಗತಿ.

ಆದರೆ ಹಳ್ಳಿಯ ಕೈ ಆ ಟಾಕಿಯ ಮೇಲೆ ಏಳಲಿಲ್ಲ. ಕೋಡಿಗೆ ಬಣ್ಣ ಬಳಿದವನೇ ಬೈಕಿನ ಎದುರು ಹಿಂಜರಿದ. ಅದಕ್ಕೆ ಕಾರಣ ಅಂಜಿಕೆಯೊಂದೇ ಆಗಿರಲಿಲ್ಲ. ಕಾರ್ಖಾನೆಯ ಬಣ್ಣ ಒಲೆಯಲ್ಲಿ ಬೆಂದ ಎನಾಮಲ್. ಗಾಜಿನಂತೆ ಗಟ್ಟಿ, ಮುಖ ಕಾಣುವಷ್ಟು ನುಣುಪು. ಬ್ರಷ್ಷಿನಿಂದ ಹಚ್ಚಿದ ಎಣ್ಣೆಬಣ್ಣ ಅದರ ಪಕ್ಕದಲ್ಲಿ ಕೂಡಲೇ ಸಿಕ್ಕಿಬೀಳುತ್ತದೆ. ಕೂದಲಿನ ಗೆರೆಗಳು ಉಳಿಯುತ್ತವೆ, ಒಣಗುವಷ್ಟರಲ್ಲಿ ಅಂಗಳದ ಧೂಳೆಲ್ಲ ಅದರ ಮೇಲಿರುತ್ತದೆ. ಕೋಡಿನ ಮೇಲೆ ಆ ಗೆರೆ ಯಾರ ಕಣ್ಣಿಗೂ ಬೀಳದು. ಟಾಕಿಯ ಮೇಲೆ ಬಿದ್ದರೆ ಬೈಕಿನ ಬೆಲೆ ಇಳಿಯಿತು.

ಇದೇ ತೊಡಕು ಅಮೆರಿಕದ ಕಾರ್ಖಾನೆಗಳನ್ನೂ ಒಂದು ಕಾಲಕ್ಕೆ ಕಾಡಿತ್ತು. ಕುದುರೆಗಾಡಿಯ ಕಾಲದ ವಾರ್ನಿಷ್ ಬಣ್ಣಗಳನ್ನು ಕಾರಿಗೆ ಪದರ ಪದರವಾಗಿ ಹಚ್ಚಿ ಒಣಗಿಸಲು ವಾರಗಟ್ಟಲೆ ಬೇಕಾಗುತ್ತಿತ್ತು. 1914ರಿಂದ 1925ರವರೆಗೆ ಹೆನ್ರಿ ಫೋರ್ಡನ ಮಾಡೆಲ್ ಟಿ ಕಪ್ಪು ಬಣ್ಣದಲ್ಲಷ್ಟೇ ಬಂದದ್ದು ಈ ಕಾಲದಲ್ಲೇ. ಡ್ಯೂಪಾಂಟ್ ಕಂಪನಿ 1923ರಲ್ಲಿ ಡ್ಯೂಕೊ ಎಂಬ ನೈಟ್ರೊಸೆಲ್ಯುಲೋಸ್ ಲ್ಯಾಕರ್ ಹೊರತಂದು, 1924ರ ಓಕ್‌ಲ್ಯಾಂಡ್ ಕಾರಿನ ಮೇಲೆ ಅದು ನೀಲಿಯಾಗಿ ಮಿಂಚಿದಾಗ ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಆದರೆ ಅಷ್ಟು ಬೇಗ ಒಣಗುವ ಬಣ್ಣವನ್ನು ಬ್ರಷ್ಷಿನಲ್ಲಿ ಎಳೆಯಲಾಗದು, ಸಿಂಪಡಿಸಲೇಬೇಕು. ಅದಕ್ಕೆ ಬೇಕಾದ ಗನ್ ಆಗಲೇ ಸಿದ್ಧವಿತ್ತು. ಒಹಾಯೊದ ಟೊಲಿಡೊ ನಗರದ ಗಂಟಲು ವೈದ್ಯ ಅಲೆನ್ ಡಿವಿಲ್ಬಿಸ್ ರೋಗಿಗಳ ಗಂಟಲಿಗೆ ಔಷಧಿ ಸಿಂಪಡಿಸಲು ಮಾಡಿಕೊಂಡ ಉಪಕರಣವನ್ನು ಅವನ ಮಗ ಥಾಮಸ್ 1907ರ ಸುಮಾರಿಗೆ ಬಣ್ಣಕ್ಕೆ ಒಗ್ಗಿಸಿದ್ದ. ನಮ್ಮ ಗ್ಯಾರೇಜುಗಳಲ್ಲಿ ಕಂಪ್ರೆಸರಿನ ಪೈಪಿಗೆ ಸಿಕ್ಕಿಸುವ ಗನ್ನಿನ ಮೂಲಪುರುಷ ಒಬ್ಬ ಡಾಕ್ಟರು!

ಇನ್ನೆರಡು ಸಾಮಾನುಗಳ ಹುಟ್ಟು ಅದೇ ಹತ್ತು ವರ್ಷಗಳಲ್ಲಿ. ಕಾರಿನ ಕಾರ್ಖಾನೆಗಳಲ್ಲಿ ಬಣ್ಣ ಉಜ್ಜುವಾಗ ಏಳುತ್ತಿದ್ದ ಧೂಳಿನಲ್ಲಿ ಸೀಸ ಇರುತ್ತಿತ್ತು. ಕೆಲಸಗಾರರು ಅದನ್ನು ನುಂಗಿ ಹಾಸಿಗೆ ಹಿಡಿಯುತ್ತಿದ್ದರು. 1921ರಲ್ಲಿ 3ಎಂ ಕಂಪನಿ ನೀರು ತಾಕಿದರೂ ಬಿಚ್ಚಿಕೊಳ್ಳದ ಉಜ್ಜುಕಾಗದ ತಂದಿತು. ಇದನ್ನು ರೂಪಿಸಿದವನು ಫ್ರಾನ್ಸಿಸ್ ಓಕಿ. ನಮ್ಮ ಹಾರ್ಡ್‌ವೇರ್ ಅಂಗಡಿಯ ವಾಟರ್ ಪೇಪರ್ ಅದರ ಸಂತಾನ. ನಾಲ್ಕು ವರ್ಷದ ಬಳಿಕ ಅದೇ ಕಂಪನಿಯ ರಿಚರ್ಡ್ ಡ್ರೂ, ಎರಡು ಬಣ್ಣದ ಕಾರುಗಳಲ್ಲಿ ಗಡಿರೇಖೆ ನೇರವಾಗಿ ಬಾರದೆ ಪೇಂಟರುಗಳು ಬೈದುಕೊಳ್ಳುತ್ತಿದ್ದುದನ್ನು ಕಂಡು ಮಾಸ್ಕಿಂಗ್ ಟೇಪ್ ಮಾಡಿದ. ಗನ್, ವಾಟರ್ ಪೇಪರ್, ಟೇಪ್, ಬೇಗ ಒಣಗುವ ಲ್ಯಾಕರ್. ಈ ನಾಲ್ಕೂ ಕೂಡಿ ವಾಹನದ ಪೇಂಟಿಂಗ್ ಒಂದು ಬೇರೆಯೇ ಕಸುಬಾಯಿತು.

ಸಿಂಧನೂರಿನಲ್ಲಿ ಆ ಕಸುಬು ಟ್ರೈಲರ್ ಕಟ್ಟುವ, ವೆಲ್ಡಿಂಗ್ ಮಾಡುವ, ಕೇಜ್ ವ್ಹೀಲ್ ತಯಾರಿಸುವ ಶೆಡ್ಡುಗಳ ನೆರಳಿನಲ್ಲಿ ಬೆಳೆಯಿತು. ಟ್ರ್ಯಾಕ್ಟರಿನ ಬಾನೆಟ್ಟಿಗೆ ಕೆಂಪು, ನೀಲಿ, ಟ್ರೈಲರಿನ ಡಾಲಾಕ್ಕೆ ಹೂಬಳ್ಳಿ. ಡಾಲಾದ ಹಿಂದೆ ಅಂಬಾದೇವಿಯ ಹೆಸರೋ ಗುರುಗುಂಟಿಯ ಅಮರೇಶ್ವರನ ಹೆಸರೋ ದಪ್ಪಕ್ಷರಗಳಲ್ಲಿ. ಪೇಂಟರ್ ಎಂದರೆ ಅಕ್ಷರ ಬರೆಯುವವನೂ ಅವನೇ, ಗನ್ ಹಿಡಿಯುವವನೂ ಅವನೇ. ಆಮೇಲೆ ರೇಡಿಯಂ ಕಟಿಂಗ್ ಅಂಗಡಿಗಳು ಬಂದು ಅಕ್ಷರವನ್ನು ಕಿತ್ತುಕೊಂಡವು. 2019ರ ಏಪ್ರಿಲ್‌ಗೆ ಮೊದಲು ನೋಂದಣಿಯಾದ ಗಾಡಿಗಳೂ ಎಚ್‌ಎಸ್‌ಆರ್‌ಪಿ ಹಾಕಿಸಬೇಕೆಂದು 2023ರಲ್ಲಿ ಸರ್ಕಾರದ ಆದೇಶ ಬಂದ ಮೇಲೆ ‘ಕೆಎ–36’ ಎಂದು ಕೈಯಲ್ಲಿ ಬರೆಯುವ ಕೆಲಸವೂ ಹೋಯಿತು. ಟಾಕಿ, ಮಡ್‌ಗಾರ್ಡ್, ಸೈಡ್ ಪ್ಯಾನೆಲ್ಲಿನ ಬಣ್ಣವಷ್ಟೇ ಅವನ ಪಾಲಿಗೆ ಉಳಿದಿತ್ತು. ಅದರಲ್ಲೂ ಈಗ ಪಾಲು ಕೇಳಲು ಡಬ್ಬಿ ಬಂದಿದೆ.

ಒತ್ತಡದ ಅನಿಲವನ್ನು ದ್ರವದೊಂದಿಗೆ ತುಂಬಿ ಸಿಂಪಡಿಸುವ ಉಪಾಯಕ್ಕೆ ನಾರ್ವೆಯ ಎರಿಕ್ ರೋಥೈಮ್ 1927ರಲ್ಲೇ ಪೇಟೆಂಟ್ ಕೇಳಿದ್ದ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಸೊಳ್ಳೆ ಕೊಲ್ಲಲು ಅದನ್ನು ಬಳಸಿದರು. ಬಣ್ಣ ಅದರೊಳಗೆ ಹೋದದ್ದು 1949ರಲ್ಲಿ, ಇಲಿನಾಯ್‌ನ ಸಿಕಮೋರ್ ಎಂಬ ಸಣ್ಣ ಊರಿನಲ್ಲಿ. ಎಡ್ವರ್ಡ್ ಸೀಮೊರ್ ಎಂಬ ಬಣ್ಣದ ವ್ಯಾಪಾರಿ ತನ್ನ ಅಲ್ಯುಮಿನಿಯಂ ಬಣ್ಣವನ್ನು ಗಿರಾಕಿಗಳಿಗೆ ತೋರಿಸಲು ಸುಲಭದ ದಾರಿ ಹುಡುಕುತ್ತಿದ್ದಾಗ, ಅದನ್ನೇಕೆ ಇಂಥ ಡಬ್ಬಿಗೆ ತುಂಬಬಾರದು ಎಂದವಳು ಅವನ ಹೆಂಡತಿ ಬಾನಿ. ಕತೆಯಲ್ಲಿ ಅವಳ ಪಾಲು ಇಷ್ಟೇ ಸಾಲಿನಲ್ಲಿ ಮುಗಿಯುತ್ತದೆ. ಪೇಟೆಂಟ್, ಕಂಪನಿ, ಹೆಸರು ಎಲ್ಲ ಗಂಡನದು.

ಡಬ್ಬಿಯೊಳಗಿನ ಅನಿಲಕ್ಕೂ ಚರಿತ್ರೆಯಿದೆ. ಮೊದಲಿಗೆ ಅದು ಸಿಎಫ್‌ಸಿ. ಅದು ಓಜೋನ್ ಪದರವನ್ನು ತಿನ್ನುತ್ತದೆ ಎಂದು ಮೊಲಿನಾ ಮತ್ತು ರೋಲೆಂಡ್ 1974ರಲ್ಲಿ ಬರೆದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ 1992ರಲ್ಲಿ ಸೇರಿತು, 2000ದಲ್ಲಿ ತನ್ನದೇ ನಿಯಮ ಮಾಡಿತು. ಸಿಎಫ್‌ಸಿಯ ಜಾಗಕ್ಕೆ ಬಂದದ್ದು ಹೆಚ್ಚಾಗಿ ಎಲ್‌ಪಿಜಿ ಜಾತಿಯ ಅನಿಲ ಮತ್ತು ಡೈಮೀಥೈಲ್ ಈಥರ್. ಆಕಾಶಕ್ಕೆ ಒಳ್ಳೆಯದಾಯಿತು, ಅಡುಗೆಮನೆಯ ಪಕ್ಕದ ಪಡಸಾಲೆಗೆ ಅಲ್ಲ. ಹೊಸ ಡಬ್ಬಿಯಿಂದ ಹೊರಡುವ ಮಂಜು ಒಲೆಯ ಕಿಡಿ ಕಂಡರೆ ಭಗ್ಗನೆ ಹತ್ತಿಕೊಳ್ಳುತ್ತದೆ. 50 ಡಿಗ್ರಿಗಿಂತ ಹೆಚ್ಚಿನ ಬಿಸಿಗೆ ಒಡ್ಡಬೇಡಿ ಎಂದು ಡಬ್ಬಿಯ ಮೇಲೆ ಸಣ್ಣಕ್ಷರಗಳಲ್ಲಿ ಇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು ಜಿಲ್ಲೆಯ ನೆರಳಿನಲ್ಲೇ 40 ದಾಟುವಾಗ, ಮಾಳಿಗೆಯ ಬಿಸಿಲಲ್ಲಿ ಬಿಟ್ಟ ಡಬ್ಬಿಗೆ ಆ ಗಡಿ ದೂರವೇನಲ್ಲ.

ಇಂದು ಸಿಂಧನೂರಿನಂಥ ಪೇಟೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ, ಬಿಡಿಭಾಗದ ಅಂಗಡಿಗಳಲ್ಲಿ ಕಾಸ್ಮೋಸ್, ಆಬ್ರೊ ಮುಂತಾದ ಹೆಸರಿನ ಡಬ್ಬಿಗಳು ಸಾಲುಗಟ್ಟಿ ನಿಂತಿರುತ್ತವೆ. ಅವುಗಳಿಗೆ ಮೊದಲ ಗಿರಾಕಿ ತುಕ್ಕು ಹಿಡಿದ ಸೈಲೆನ್ಸರ್, ಗೇಟು, ಕೂಲರಿನ ತಗಡು. ಅಲ್ಲಿ ಕೈ ಪಳಗಿದ ಮೇಲೆ ಕಣ್ಣು ಟಾಕಿಯ ಕಡೆ ಹೊರಳುತ್ತದೆ. ಅಂಗಡಿಯಲ್ಲಿ ನಡೆಯುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ:

“ಕಾಕಾ, ಒಂದ್ ಟಾಕಿಗೆ ಒಂದ್ ಡಬ್ಬಿ ಸಾಕಲ್ಲ?”

“ಬಣ್ಣಕ್ಕ ಸಾಕಪಾ. ಪ್ರೈಮರ್ ಬ್ಯಾರೆ, ಕ್ಲಿಯರ್ ಬ್ಯಾರೆ. ವಾಟರ್ ಪೇಪರ್ ಒಯ್ದಿಯೇನು?”

ಹುಡುಗ ಬಣ್ಣದ ಡಬ್ಬಿಯೊಂದನ್ನೇ ಒಯ್ಯುತ್ತಾನೆ.

ತಪ್ಪು ಶುರುವಾಗುವುದು ಅಲ್ಲಿಂದ. 400 ಮಿಲಿಯ ಡಬ್ಬಿಯಲ್ಲಿ ಎಲ್ಲವೂ ಬಣ್ಣವಲ್ಲ. ಅನಿಲ, ದ್ರಾವಕ ಕಳೆದು ತಗಡಿನ ಮೇಲೆ ಉಳಿಯುವ ಬಣ್ಣ ಸ್ವಲ್ಪವೇ. ಆ ತೆಳು ಪದರ ಕೆಳಗಿನ ಯಾವ ಹಳ್ಳವನ್ನೂ ಮುಚ್ಚದು. ಬದಲಿಗೆ ಎತ್ತಿ ತೋರಿಸುತ್ತದೆ. ಹೊಳಪು ಹೆಚ್ಚಿದಷ್ಟೂ ಗೀರು ಎದ್ದು ಕಾಣುತ್ತದೆ. ಕಿನ್ನಾಳದ ಕಿಟ್ಟ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಪುಟ್ಟಿ ಮಾಡಬೇಕು, ಕೋಡು ಹೆರೆಯುವವನ ಕೆಲಸವನ್ನು ವಾಟರ್ ಪೇಪರ್ ಮಾಡಬೇಕು. ಟಾಕಿಯ ಪೆಟ್ರೋಲನ್ನು ಪೂರ್ತಿ ಇಳಿಸುವುದು ಮೊದಲ ಕೆಲಸ. ಖಾಲಿ ಟಾಕಿಯೊಳಗಿನ ಆವಿ ತುಂಬಿದ ಟಾಕಿಗಿಂತ ಅಪಾಯಕಾರಿ ಎಂಬುದು ವೆಲ್ಡಿಂಗ್ ಶೆಡ್ಡಿನವರಿಗೆ ಚೆನ್ನಾಗಿ ಗೊತ್ತು; ಆದ್ದರಿಂದ ಅದನ್ನು ಬಯಲಿನಲ್ಲಿ ಬಾಯಿ ತೆರೆದು ಗಾಳಿಗೆ ಬಿಡಬೇಕು. ಆಮೇಲೆ ಸೋಪುನೀರು, ತುಕ್ಕಿದ್ದಲ್ಲಿ ಉಜ್ಜು, ತಗ್ಗಿದ್ದಲ್ಲಿ ಪುಟ್ಟಿ, ಒಣಗಿದ ಮೇಲೆ ನೀರು ಹಾಕಿ 220, 400, 800 ನಂಬರಿನ ಕಾಗದಗಳಿಂದ ಒಂದರ ನಂತರ ಒಂದು. ಹಳೆಯ ಯೆಜ್ಡಿ, ರಾಜದೂತ್ ಬಣ್ಣವನ್ನು ಒಣಗಾಗಿ ಉಜ್ಜುವುದು ಅಪಾಯ. ಗೃಹಬಳಕೆಯ ಬಣ್ಣಗಳಲ್ಲಿ ಸೀಸವನ್ನು 90 ಪಿಪಿಎಂಗೆ ಮಿತಿಗೊಳಿಸುವ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕಿಂತ ನಲವತ್ತು ವರ್ಷ ಹಳೆಯ ಟಾಕಿಯ ಧೂಳಿನಲ್ಲಿ ಏನೇನಿದೆಯೋ! ಓಕಿಯ ಒದ್ದೆ ಕಾಗದ ಇಲ್ಲಿ ನೂರು ವರ್ಷದ ಮೇಲೂ ಅದೇ ಕಾರಣಕ್ಕೆ ಬೇಕು.

ಎಣ್ಣೆಯದು ಇನ್ನೊಂದು ಕಾಟ. ಕೊಬ್ಬರಿ ಎಣ್ಣೆಯ ತಲೆ ಸವರಿಕೊಂಡ ಕೈಯಲ್ಲಿ ಟಾಕಿ ಮುಟ್ಟಿದರೆ, ಬಣ್ಣ ಬಿದ್ದಾಗ ಆ ಜಾಗದಲ್ಲಿ ಅಂಟದೆ ದುಂಡು ದುಂಡಾಗಿ ಸರಿದು ಮೀನಿನ ಕಣ್ಣಿನಂಥ ಗುಳಿಗಳು ಬೀಳುತ್ತವೆ. ಹೊಸಬರು ಡಬ್ಬಿಯನ್ನು ಬೈಯುತ್ತಾರೆ. ಡಬ್ಬಿಯ ತಪ್ಪೇನೂ ಇರುವುದಿಲ್ಲ.

ಒಳಗಿನ ಗುಂಡು ಟಕಟಕ ಎನ್ನುವಂತೆ ಒಂದೆರಡು ನಿಮಿಷ ಅಲ್ಲಾಡಿಸಿ, ಒಂದು ಗೇಣಿನಷ್ಟು ದೂರದಿಂದ, ಟಾಕಿಯ ಆಚೆ ಗುಂಡಿ ಒತ್ತಿ ಈಚೆ ಬಿಡುತ್ತ, ಕೈಯನ್ನು ನೇರ ಸಾಗಿಸಬೇಕು. ಮೊದಲ ಕೋಟಿನಲ್ಲಿ ಕೆಳಗಿನ ಬಣ್ಣ ಕಾಣುತ್ತಲೇ ಇರಬೇಕು. ಈ ‘ಕಾಣುತ್ತಲೇ ಇರಬೇಕು’ ಎಂಬುದನ್ನು ಸಹಿಸಲಾರದವರೇ ಹೆಚ್ಚು. ಎರಡನೇ ಸಲಕ್ಕೇ ಮುಚ್ಚಿಬಿಡುವ ಆತುರದಲ್ಲಿ ಒಂದೇ ಕಡೆ ನಿಂತು ಒತ್ತುತ್ತಾರೆ; ಬಣ್ಣ ಕಣ್ಣೀರಿನಂತೆ ಇಳಿಯುತ್ತದೆ. ಮೊಬೈಲಿನ ವಿಡಿಯೊ ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಅದರಲ್ಲಿ ಒಣಗಲು ಕಾದ ಹೊತ್ತನ್ನೆಲ್ಲ ಕತ್ತರಿಸಿರುತ್ತಾರೆ. ಹುಡುಗನಿಗೆ ಆ ಕತ್ತರಿ ಕಾಣುವುದಿಲ್ಲ.

ಹವೆಯ ಲೆಕ್ಕವಂತೂ ವಿಡಿಯೊಗಳಲ್ಲಿ ಇಲ್ಲವೇ ಇಲ್ಲ. ಸಿಂಧನೂರಿನ ಬೇಸಿಗೆಯಲ್ಲಿ ಬಣ್ಣದ ಹನಿ ತಗಡು ಮುಟ್ಟುವ ಮೊದಲೇ ಗಾಳಿಯಲ್ಲಿ ಅರೆ ಒಣಗಿ ಪುಡಿಯಾಗಿ ಕೂರುತ್ತದೆ, ಸವರಿದರೆ ಉಪ್ಪಿನ ಹಾಗೆ ತರಿ ತರಿ. ಜೂನ್, ಜುಲೈನ ಗಾಳಿ ಎರೆಮಣ್ಣಿನ ಧೂಳು ತರುತ್ತದೆ. ಮಳೆ ಹಿಡಿದ ದಿನ ಲ್ಯಾಕರ್ ತೇವ ಹೀರಿ ಬೆಳ್ಳಗಾಗುತ್ತದೆ. ಭತ್ತದ ಕಟಾವು, ರಾಶಿಯ ದಿನಗಳಲ್ಲಿ ಹೊಟ್ಟು ಹಾರುತ್ತದೆ. ಅಕ್ಕಿ ಗಿರಣಿಯ ಹತ್ತಿರದ ಓಣಿಗಳಲ್ಲಿ ಸುಟ್ಟ ಹೊಟ್ಟಿನ ಕರಿಬೂದಿ ವರ್ಷವಿಡೀ. ಇಷ್ಟೆಲ್ಲದರ ನಡುವೆ ಹೆಚ್ಚಿನವರು ಆರಿಸಿಕೊಳ್ಳುವ ದಿನ ಆಯುಧಪೂಜೆಯ ಹಿಂದಿನ ದಿನ! ಪೂಜೆಗೆ ಗಾಡಿ ಫಳಫಳ ಎನ್ನಬೇಕು. ಅರೆ ಒಣಗಿದ ಟಾಕಿಗೆ ವಿಭೂತಿ, ಕುಂಕುಮ, ಬಾಳೆಕಂದು, ಚೆಂಡುಹೂವಿನ ಹಾರ. ಹಾರ ತೆಗೆದಾಗ ಅದರ ಅಚ್ಚು ಬಣ್ಣದ ಮೇಲೆ ಉಳಿದಿರುತ್ತದೆ.

ಯಾವ ಬಣ್ಣ ಹೊಡೆಯುತ್ತಾರೆ ಎಂಬುದರಲ್ಲೂ ಕಾಲದ ಗುರುತಿದೆ. 1985ರಿಂದ 1996ರವರೆಗೆ ಬಂದ ಆರ್‌ಎಕ್ಸ್ 100 ಇಟ್ಟುಕೊಂಡವರು ಮೂಲದ ಪೀಕಾಕ್ ನೀಲಿ, ಚೆರ್ರಿ ಕೆಂಪನ್ನೇ ಹುಡುಕುತ್ತಾರೆ. ಡಬ್ಬಿಯ ಸಿದ್ಧ ಬಣ್ಣಗಳಲ್ಲಿ ಅದು ತಾಳೆಯಾಗುವುದು ಅಪರೂಪ. ಸ್ಪ್ಲೆಂಡರ್, ಸಿಡಿ 100ನವರಿಗೆ ಆ ಹಂಗಿಲ್ಲ, ಮ್ಯಾಟ್ ಕಪ್ಪು ಹೊಡೆದರೆ ಮುಗಿಯಿತು. ಮ್ಯಾಟ್‌ನಲ್ಲಿ ಗೀರು, ತಗ್ಗು ಕಡಿಮೆ ಕಾಣುತ್ತವೆ ಎಂಬ ಲೆಕ್ಕವೂ ಅದರೊಳಗಿದೆ. ಬುಲೆಟ್‌ನವರಿಗೆ ಮಿಲಿಟರಿ ಹಸಿರಿನ ಹುಚ್ಚು. 1950ರ ದಶಕದಲ್ಲಿ ಗಡಿ ಕಾವಲಿಗೆಂದು ಸೈನ್ಯ ಬುಲೆಟ್ ಕೊಂಡಾಗಿನಿಂದ ಆ ಬೈಕಿಗೂ ಆ ಬಣ್ಣಕ್ಕೂ ನಂಟು. ಆದರೆ ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 121ನೇ ನಿಯಮದ ಪ್ರಕಾರ ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗೆ ಮೀಸಲು. ನಾಗರಿಕರ ಬೈಕಿಗೆ ಅದನ್ನು ಹೊಡೆಯುವಂತಿಲ್ಲ. ಬೇರೆ ಬಣ್ಣಕ್ಕೂ ಪೂರ್ತಿ ಸ್ವಾತಂತ್ರ್ಯವಿಲ್ಲ. ಆರ್‌ಸಿಯಲ್ಲಿ ಬಣ್ಣದ ಕಾಲಂ ಇದೆ. ಕೆಂಪು ಗಾಡಿ ಕಪ್ಪಾದರೆ ಆರ್‌ಟಿಒ ಕಚೇರಿಯಲ್ಲಿ ದಾಖಲಿಸಬೇಕು. ಕೋಡಿಗೆ ಇಂಥ ಕಾಲಂ ಇರಲಿಲ್ಲ.

ಮನೆಯ ಕೆಲಸಕ್ಕೂ ಗ್ಯಾರೇಜಿನ ಕೆಲಸಕ್ಕೂ ಇರುವ ಅಂತರ ಕಡೆಗೂ ಬಯಲಾಗುವುದು ಪೆಟ್ರೋಲ್ ಬಂಕಿನಲ್ಲಿ. ಸಾದಾ ಸ್ಪ್ರೇ ಡಬ್ಬಿಯ ಆಕ್ರಿಲಿಕ್ ಬಣ್ಣ ದ್ರಾವಕ ಆರಿದ್ದರಿಂದ ಒಣಗಿದ್ದು; ದ್ರಾವಕ ಮತ್ತೆ ತಾಕಿದರೆ ಮತ್ತೆ ಕರಗುತ್ತದೆ. ಟಾಕಿ ತುಂಬಿಸುವಾಗ ನಳಿಕೆಯಿಂದ ನಾಲ್ಕು ಹನಿ ಚೆಲ್ಲಿದರೂ ಮುಚ್ಚಳದ ಸುತ್ತ ಬಣ್ಣ ಮೆತ್ತಗಾಗಿ ಸುಕ್ಕುಗಟ್ಟುತ್ತದೆ. ಅವಸರದಲ್ಲಿ ಬಟ್ಟೆಯಿಂದ ಒರೆಸಿದರೆ ಬಣ್ಣವೇ ಬಟ್ಟೆಗೆ ಬರುತ್ತದೆ. ಇದನ್ನು ತಡೆಯುವುದು ಹಾರ್ಡ್‌ನರ್ ಬೆರೆಸಿದ 2ಕೆ ಕ್ಲಿಯರ್. ಅದು ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುವುದರಿಂದ ಪೆಟ್ರೋಲಿಗೆ ಸುಲಭವಾಗಿ ಬಗ್ಗುವುದಿಲ್ಲ. ಆದರೆ ಆ ಹಾರ್ಡ್‌ನರಿನಲ್ಲಿರುವ ಐಸೊಸಯನೇಟ್ ಉಸಿರಿನೊಂದಿಗೆ ಒಳಹೋದರೆ ದಮ್ಮು ಹಿಡಿಸಬಲ್ಲದು. ಬಾಯಿಗೆ ಕಟ್ಟಿಕೊಂಡ ಟವೆಲ್ ಅದಕ್ಕೆ ಅಡ್ಡಿಯೇ ಅಲ್ಲ. ತಕ್ಕ ಫಿಲ್ಟರ್ ಇರುವ ಮಾಸ್ಕ್ ಬೇಕು. ಗನ್ ಹಿಡಿದು ವರ್ಷಗಟ್ಟಲೆ ದುಡಿದ ಪೇಂಟರುಗಳಲ್ಲೂ ಬಹಳ ಮಂದಿ ಅದಿಲ್ಲದೆಯೇ ಕೆಲಸ ಮಾಡಿದ್ದಾರೆ ಎಂಬುದು ಬೇರೆಯೇ ದುಃಖದ ಮಾತು.

ಸುಕ್ಕುಗಟ್ಟಿದ ಟಾಕಿ ಹಿಡಿದುಕೊಂಡು ಹುಡುಗ ಕೊನೆಗೆ ಕಂಪ್ರೆಸರಿನ ಅಂಗಡಿಗೇ ಬರುತ್ತಾನೆ. ಪೇಂಟರ್ ಉಗುರಿನಿಂದ ಒಂದು ಮೂಲೆ ಕೆರೆದು ನೋಡುತ್ತಾನೆ. ಕೆಳಗೆ ಪ್ರೈಮರ್ ಇಲ್ಲ, ಪುಟ್ಟಿ ಇಲ್ಲ. ಕಂಪನಿಯ ಹಳೆಯ ಹೊಳಪಿನ ಮೇಲೆ ನೇರವಾಗಿ ಮ್ಯಾಟ್ ಕಪ್ಪು. “ಮೊದ್ಲ ಇದನ್ನೆಲ್ಲ ತೆಗೀಬೇಕಪಾ” ಎನ್ನುತ್ತ ಥಿನ್ನರಿನ ಡಬ್ಬಿ ಎಳೆದುಕೊಳ್ಳುತ್ತಾನೆ. ಆಮೇಲೆ ಹೇಳುವ ಲೆಕ್ಕದಲ್ಲಿ ಬಣ್ಣದ ದುಡ್ಡು ಕೆಳಗಿನ ಸಾಲಿನದು. ಮೇಲಿನ ಸಾಲಿನಲ್ಲಿ ಕೆರೆಯುವ, ಉಜ್ಜುವ, ಪುಟ್ಟಿ ತುಂಬುವ ಕೂಲಿ ಇರುತ್ತದೆ, ಅದೇ ಹೆಚ್ಚು.